ಹೆಬ್ಬೆಟ್ಟಿಗೆ ಮುನ್ನ ಅವಳೊಬ್ಬಳನ್ನೇ ಕೇಳಿ

ಮಂಡ್ಯ ಸೀಮೆಯ ಒಂದು ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆದು ಬದುಕಿದವನು ನಾನು. ಕ್ರಯ, ಭೋಗ್ಯ, ದಾನ, ಪಾಲು ಎಲ್ಲವನ್ನೂ ಬರೆದಿದ್ದೇನೆ. ಬರೆಯಲು ಸಲೀಸು, ನೋಡಲು ಕಷ್ಟ ಎನಿಸುವುದು ಹಕ್ಕು ಬಿಡುಗಡೆ ಪತ್ರ.

ಗೌರಿ ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಹಾಗೇ ಕಾರು ಹತ್ತಿಸಿಕೊಂಡು ಬರುತ್ತಾರೆ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಹೇಳುವವರು ಅಣ್ಣತಮ್ಮಂದಿರು. ಪತ್ರದಲ್ಲಿ ಮಾತ್ರ ಮಾತೆಲ್ಲ ಅವಳದೇ: ಮದುವೆಗೆ ಖರ್ಚು ಮಾಡಿದ್ದಾರೆ, ಯಾರ ಬಲವಂತವೂ ಇಲ್ಲ, ಸ್ವಇಚ್ಛೆಯಿಂದ ಬಿಟ್ಟಿದ್ದೇನೆ. ಅರಿಶಿನ ಕುಂಕುಮಕ್ಕೆಂದು ಒಂದು ಸಣ್ಣ ಮೊತ್ತ. ‘ಎಷ್ಟು ಬಿಡ್ತಿದ್ದೀಯ ಗೊತ್ತೇನವ್ವ?’ ಎಂದು ಒಬ್ಬಾಕೆಯನ್ನು ಕೇಳಿದೆ. ‘ಅಣ್ಣಂಗೆ ಗೊತ್ತು ಸ್ವಾಮಿ’ ಎಂದಳು.

ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ಕರ್ನಾಟಕ 1994ರಲ್ಲೇ ತಿದ್ದಿತ್ತು. ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಇಷ್ಟಾದರೂ ಪಾಲು ಕೇಳಿದವಳಿಗೆ ನಮ್ಮೂರ ಜಗಲಿಯಲ್ಲಿ ಸಿಗುವ ಹೆಸರು ಒಂದೇ: ಹದ್ದು ಮೀರಿದವಳು.

ನಾಡಕಚೇರಿಗೆ ಕೊಡುವ ವಂಶವೃಕ್ಷದ ಅರ್ಜಿಯಲ್ಲಿ ಅಕ್ಕನ ಹೆಸರನ್ನೇ ಬಿಟ್ಟು, ಇಷ್ಟೇ ಮಕ್ಕಳು ಎಂದು ಪ್ರಮಾಣಪತ್ರ ಬರೆಸುವವರಿದ್ದಾರೆ. ಅದು ಸುಳ್ಳು ಪ್ರಮಾಣ, ಶುದ್ಧ ಅಪರಾಧ. ಹಾಗೆ ಬರೆಸಿದವನಿಗೆ ಊರು ಯಾವ ಹೆಸರನ್ನೂ ಇಟ್ಟಿಲ್ಲ; ಪಂಚಾಯ್ತಿ ಕಟ್ಟೆಯಲ್ಲಿ ಎಂದಿನಂತೆ ಕೂರುತ್ತಾನೆ. ಕಾನೂನಿನೊಳಗೆ ನಿಂತವಳು ಹದ್ದು ಮೀರಿದವಳು, ಮೀರಿದವನು ಮರ್ಯಾದಸ್ಥ. ಈ ಲೆಕ್ಕ ನನಗೆ ಇಂದಿಗೂ ಹತ್ತಿಲ್ಲ.

ಅಣ್ಣನ ಕಡೆಗೂ ನ್ಯಾಯವಿಲ್ಲದಿಲ್ಲ. ಮದುವೆಯ ಸಾಲ ತೀರಿಸಿದವನು ಅವನು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡವನೂ (ನಿಜ ಹೇಳಬೇಕೆಂದರೆ ಅವನ ಹೆಂಡತಿ) ಅವನೇ. ಹಾಗಿದ್ದರೆ ಆ ಲೆಕ್ಕವನ್ನು ತಂಗಿಯ ಮುಂದೆ ಬಿಚ್ಚಿಡಲಿ. ಮದುವೆಗೆ ಇಷ್ಟು, ಆಸ್ಪತ್ರೆಗೆ ಇಷ್ಟು, ನಾಲೆ ಬಯಲಿನ ಗದ್ದೆಗೆ ಇವತ್ತಿನ ಬೆಲೆ ಇಷ್ಟು. ಕೂಡಿ ಕಳೆದು ಅವಳೇ ತೀರ್ಮಾನಿಸಲಿ. ಲೆಕ್ಕದ ಬದಲು ಅವನು ಮುಂದಿಡುವುದು ಮೊರದ ಬಾಗಿನವನ್ನು. ರುಜು ಹಾಕದಿದ್ದರೆ ಮುಂದಿನ ವರ್ಷ ಬಾಗಿನ ಬರುವುದಿಲ್ಲ ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೂ ಅವಳಿಗೆ ಗೊತ್ತಿರುತ್ತದೆ. ಇಂಥ ಬಲವಂತಕ್ಕೆ ಯಾವ ಕೋರ್ಟಿನಲ್ಲಿ ಸಾಕ್ಷಿ ಒದಗಿಸುವುದು?

ಪತ್ರ ಬರೆದುಕೊಟ್ಟವರು ಇವರೇನಾ, ಬರೆದುಕೊಟ್ಟದ್ದನ್ನು ಒಪ್ಪುತ್ತಾರಾ: 1908ರ ನೋಂದಣಿ ಕಾಯ್ದೆ ಅಧಿಕಾರಿಯಿಂದ ಕೇಳಿಸುವುದು ಹೆಚ್ಚುಕಡಿಮೆ ಇಷ್ಟನ್ನೇ. ‘ಹೂಂ’ ಎಂದರೆ ಸಾಕು, ಫೋಟೊ, ಹೆಬ್ಬೆಟ್ಟು, ಮುಂದಿನವರು.

ಒಂದು ನಿಯಮ ಸೇರಿಸಲಿ. ಬಿಡುಗಡೆ ಪತ್ರ ಬಂದಾಗ ಗಂಡ, ಅಣ್ಣ, ತಮ್ಮ ಎಲ್ಲರನ್ನೂ ಹೊರಗೆ ನಿಲ್ಲಿಸಿ, ಅವಳ ಪಾಲಿನ ವಿಸ್ತೀರ್ಣವನ್ನೂ ಸರ್ಕಾರದ ಮಾರ್ಗಸೂಚಿ ದರದಲ್ಲಿ ಅದರ ಬೆಲೆಯನ್ನೂ ಅವಳೊಬ್ಬಳಿಗೇ ಓದಿ ಹೇಳಲಿ. ಸರದಿ ಉದ್ದವಾಗುತ್ತದೆ ಎಂದು ನನ್ನ ವೃತ್ತಿಯವರೇ ಗೊಣಗುತ್ತಾರೆ, ಗೊಣಗಲಿ. ಕೇಳಿಸಿಕೊಂಡ ಮೇಲೂ ಬಿಟ್ಟುಕೊಟ್ಟರೆ ಅವಳ ಪಾಲು, ಅವಳಿಷ್ಟ. ಹೊರಗೆ ನಿಲ್ಲಲು ಒಪ್ಪದ ಅಣ್ಣ ಬಂದರೆ ಆ ಪತ್ರವನ್ನು ಅವತ್ತು ನೋಂದಾಯಿಸುವುದೇ ಬೇಡ.