ಒಂದು ಪಾತ್ರ, ಹಲವು ನಟರು: ತೌಲನಿಕ ವಿಮರ್ಶೆಯ ಮಾನದಂಡ

ಒಂದೇ ಪಾತ್ರವನ್ನು ಹಲವು ನಟರು ನಿರ್ವಹಿಸಿದಾಗ ಶ್ರೇಷ್ಠರು ಯಾರೆಂಬ ಪ್ರಶ್ನೆಯೇ ಮುನ್ನೆಲೆಗೆ ಬರುತ್ತದೆ. ಈ ಪ್ರಶ್ನೆ ಪಠ್ಯಭೇದವನ್ನು ಮರೆಮಾಚುತ್ತದೆ ಎಂಬುದಕ್ಕೆ ಅಮೆರಿಕದ ಸೂಪರ್‌ಮ್ಯಾನ್ ಚಿತ್ರಗಳು ನಿದರ್ಶನ.

ರಿಚರ್ಡ್ ಡೋನರ್ ನಿರ್ದೇಶನದ 1978ರ ಚಿತ್ರದಲ್ಲಿ ಕ್ರಿಸ್ಟೋಫರ್ ರೀವ್ ಅವರ ನಿಜವಾದ ಸಾಧನೆ ವೇಷಾಂತರದಲ್ಲಿದೆ. ಲೋಯಿಸ್‌ಳ ಮನೆಯಲ್ಲಿ ಪತ್ರಕರ್ತ ಕ್ಲಾರ್ಕ್ ಕೆಂಟ್ ಕನ್ನಡಕ ತೆಗೆಯುತ್ತಾನೆ. ಬಾಗಿದ ಬೆನ್ನು ನೆಟ್ಟಗಾಗುತ್ತದೆ, ದನಿ ಗಂಭೀರವಾಗುತ್ತದೆ. ಮರುಕ್ಷಣವೇ ಮನಸ್ಸು ಬದಲಿಸಿ ಮತ್ತೆ ಕುಗ್ಗುತ್ತಾನೆ. ಉಡುಪು ಬದಲಾಗಿಲ್ಲ. ಆಹಾರ್ಯದ ಕೆಲಸವನ್ನು ಆಂಗಿಕ, ವಾಚಿಕಗಳೇ ಪೂರೈಸಿವೆ. ಬ್ರಿಯಾನ್ ಸಿಂಗರ್ ಅವರ 2006ರ ಚಿತ್ರ ಇದೇ ಮಾದರಿಯನ್ನು ಮುಂದುವರಿಸಿದ್ದರಿಂದ ಬ್ರ್ಯಾಂಡನ್ ರೌತ್ ಅವರನ್ನು ರೀವ್ ಜೊತೆಗಿಟ್ಟು ತೂಗುವುದು ನ್ಯಾಯವೇ.

ಆದರೆ ಅದೇ ತಕ್ಕಡಿಯಲ್ಲಿ ಹೆನ್ರಿ ಕ್ಯಾವಿಲ್ ಅವರನ್ನು ತೂಗಿ ನೀರಸವೆನ್ನುವುದು ಸಲ್ಲದು. ಝ್ಯಾಕ್ ಸ್ನೈಡರ್ ಅವರ 'ಮ್ಯಾನ್ ಆಫ್ ಸ್ಟೀಲ್'ನಲ್ಲಿ (2013) ಕನ್ನಡಕಧಾರಿ ಪತ್ರಕರ್ತ ಕಾಣಿಸಿಕೊಳ್ಳುವುದೇ ಕೊನೆಯ ದೃಶ್ಯದಲ್ಲಿ. ಅಲ್ಲಿನ ನಾಯಕ ತನ್ನ ಮೂಲವನ್ನರಸಿ ಅಲೆಯುವ ಒಂಟಿಗ. ಮಿತಮಾತು, ಬಿಗಿದ ದೇಹ ಆ ಪಠ್ಯವೇ ಬೇಡಿದ ಅಭಿನಯ. ಜೇಮ್ಸ್ ಗನ್ ಅವರ 2025ರ ಚಿತ್ರದಲ್ಲಿ ಲೋಯಿಸ್‌ಗೆ ಗುಟ್ಟು ಮೊದಲೇ ಗೊತ್ತು. ಆಕೆ ಸಂದರ್ಶಿಸುವಾಗ ಡೇವಿಡ್ ಕೊರೆನ್ಸ್‌ವೆಟ್ ಅವರ ಸೂಪರ್‌ಮ್ಯಾನ್ ಸಹನೆ ಕಳೆದುಕೊಳ್ಳುತ್ತಾನೆ. ಎರಡು ವ್ಯಕ್ತಿತ್ವಗಳ ನಡುವಿನ ಗೆರೆ ಅಳಿಸಿಹೋಗುವುದೇ ಅಲ್ಲಿನ ವಸ್ತು.

ಪಂಪನ ದುರ್ಯೋಧನನನ್ನೂ ರನ್ನನ ದುರ್ಯೋಧನನನ್ನೂ ಹೋಲಿಸುವಾಗ ಕನ್ನಡ ವಿಮರ್ಶೆ ಆಯಾ ಕಾವ್ಯದ ಉದ್ದೇಶವನ್ನು ಮೊದಲು ಗಮನಿಸುತ್ತದೆ. ಆ ಶಿಸ್ತು ಜನಪ್ರಿಯ ಸಿನಿಮಾಕ್ಕೂ ಸಲ್ಲಬೇಕು. ಚಿತ್ರಕಥೆ ನಟನಿಗೆ ಏನನ್ನು ಒಪ್ಪಿಸಿತ್ತು ಎಂದು ಅರಿಯದೆ ನೀಡುವ ತೀರ್ಪು, ಹೆಚ್ಚೆಂದರೆ, ಮೊದಲು ಕಂಡ ಚಿತ್ರದ ಮೇಲಿನ ಮಮತೆಯಾದೀತು.