ಮುಚ್ಚಿದ ಪೆಟ್ಟಿಗೆಯ ಪರಿಗ್ರಹ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಯಂತೆ ಸರ್ವಸಂಗ ಪರಿತ್ಯಾಗ ಮಾಡಲಾರದ ಗೃಹಸ್ಥನು ‘ನನಗೆ ಇಷ್ಟು ಸಾಕು’ ಎಂದು ತಾನೇ ಗೆರೆ ಎಳೆದುಕೊಳ್ಳುವುದು ಅದರ ತಿರುಳು. ಹೊಲ, ಮನೆ, ಧನ, ಧಾನ್ಯ, ಬೆಳ್ಳಿ, ಬಂಗಾರಗಳನ್ನು ಹೆಸರಿಸಿ ಈ ವ್ರತವನ್ನು ವಿವರಿಸುವುದು ವಾಡಿಕೆ. ಮಕ್ಕಳ ಆಟಿಕೆಯನ್ನೂ ಆ ಪಟ್ಟಿಗೆ ಸೇರಿಸಬೇಕಾದ ಕಾಲ ಈಗ ಬಂದಿದೆ.

ಡೆನ್ಮಾರ್ಕಿನ ಬಿಲ್ಲುಂಡ್ ಎಂಬಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಎಂಬ ಬಡಗಿ 1932ರಲ್ಲಿ ಆರಂಭಿಸಿದ ಉದ್ಯಮವೇ ಲೆಗೊ. ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಪದಗಳಿಂದ ಆ ಹೆಸರು ಹುಟ್ಟಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಅದರ ಪ್ಲಾಸ್ಟಿಕ್ ಇಟ್ಟಿಗೆಗಳ ಸೆಟ್ಟುಗಳನ್ನು ಇಂದು ದೊಡ್ಡವರೂ ಸಂಗ್ರಹಿಸುತ್ತಾರೆ. ಒಂದು ಸೆಟ್ಟಿನ ತಯಾರಿಕೆ ಸಾಮಾನ್ಯವಾಗಿ ಕೆಲವು ವರ್ಷಗಳಲ್ಲಿ ನಿಲ್ಲುತ್ತದೆ. ಆಮೇಲೆ ತೆರೆಯದ ಪೆಟ್ಟಿಗೆಯ ಬೆಲೆ ಏರುವುದುಂಟು. 1987ರಿಂದ 2015ರವರೆಗಿನ ಬೆಲೆಗಳನ್ನು ಪರಿಶೀಲಿಸಿದ ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಸಂಶೋಧಕರು ಇವುಗಳ ಸರಾಸರಿ ಲಾಭವನ್ನು ವರ್ಷಕ್ಕೆ ಶೇ 11ರಷ್ಟೆಂದು ಲೆಕ್ಕ ಹಾಕಿದ್ದಾರೆ. ಈ ಅಂಕಿಯನ್ನು ಅರಿತವನ ಕಣ್ಣಿಗೆ ಆಟಿಕೆಯು ಆಟಿಕೆಯಾಗಿ ಕಾಣುವುದು ಕಷ್ಟ.

ಅಮೆರಿಕ, ಯುರೋಪುಗಳ ಅಂಗಡಿಗಳು ಹಳೆಯ ದಾಸ್ತಾನನ್ನು ತೆರವು ಮಾಡಲು ರಿಯಾಯಿತಿ ಸಾರಿದಾಗ ಮೊದಲು ಓಡಿಬರುವವನು ಮರುಮಾರಾಟಗಾರ. ಅವನು ಕಪಾಟನ್ನೇ ಬರಿದು ಮಾಡಿ ಹೋದಮೇಲೆ, ಬೆಲೆ ಇಳಿಯಲೆಂದು ಕಾದಿದ್ದ ತಂದೆತಾಯಿಗಳು ಮಗುವಿನ ಕೈ ಹಿಡಿದು ಬರುತ್ತಾರೆ. ಬಡವನಿಗೆ ಎಟಕಲೆಂದು ಇಳಿದ ಬೆಲೆಯೇ ಸಂಗ್ರಹಕೋರನಿಗೆ ಬಂಡವಾಳವಾಗುತ್ತದೆ. ಬೇಡಿಕೆ ಹೆಚ್ಚಿರುವ ಸೆಟ್ಟುಗಳನ್ನು ಒಂದು ಮನೆಗೆ ಇಂತಿಷ್ಟೇ ಎಂದು ಕಂಪನಿಯು ಮಿತಿಗೊಳಿಸುವುದುಂಟು. ಆದರೆ ಹೆಂಡತಿಯ ಹೆಸರು, ಗೆಳೆಯನ ವಿಳಾಸ ಇದ್ದರೆ ಆ ಮಿತಿಯನ್ನು ದಾಟುವುದು ಸುಲಭ. ಹೊರಗಿನಿಂದ ಹೇರಿದ ಪರಿಮಾಣಕ್ಕೆ ಉಪಾಯಗಳು ಹುಟ್ಟಿಕೊಳ್ಳುತ್ತವೆ. ತಾನೇ ಒಪ್ಪಿ ತೊಟ್ಟ ಪರಿಮಾಣದಲ್ಲಿ ಮನುಷ್ಯನು ಯಾರನ್ನು ವಂಚಿಸಿಯಾನು?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತಾರೆ. ಅತಿವಾಹನ, ಅತಿಭಾರವಹನಗಳು ದುಡಿಯುವ ಜೀವಿಗಳನ್ನು ಮಿತಿಮೀರಿ ನಡೆಸುವ, ಮಿತಿಮೀರಿ ಹೊರಿಸುವ ದೋಷಗಳು. ಉಳಿದ ಮೂರು ಅತಿಸಂಗ್ರಹ, ವಿಸ್ಮಯ, ಲೋಭ. ಮುಂದೆ ಹೆಚ್ಚು ಲಾಭ ಬಂದೀತೆಂದು ದಾಸ್ತಾನು ಮಾಡುವುದು ಅತಿಸಂಗ್ರಹ. ತಾನು ಮಾರಿದ ಬಳಿಕ ಬೆಲೆ ಏರಿದ್ದನ್ನು ಕಂಡು ಮರುಗುವುದು ವಿಸ್ಮಯ. ಒಳ್ಳೆಯ ಬೆಲೆ ಕೈಗೆ ಬಂದರೂ ಇನ್ನಷ್ಟು ಬೇಕೆನ್ನುವುದು ಲೋಭ. ಧಾನ್ಯದ ಕಣಜವನ್ನು ಕಣ್ಣಮುಂದಿಟ್ಟುಕೊಂಡು ವಿವರಿಸಿದ ಈ ದೋಷಗಳು ಆಟಿಕೆಯ ಪೆಟ್ಟಿಗೆಗಳಿಗೂ ಎಷ್ಟು ಸರಿಯಾಗಿ ಹೊಂದುತ್ತವೆ!

ಇಲ್ಲಿ ವ್ಯಾಪಾರವನ್ನೇ ಹಳಿಯಬೇಕಾಗಿಲ್ಲ. ಕಳೆದುಹೋದ ಒಂದು ಬಿಡಿಭಾಗಕ್ಕಾಗಿ ಪರದಾಡುವವನಿಗೆ ಅದನ್ನು ಹುಡುಕಿಕೊಡುವ ಮಾರಾಟಗಾರನು ಉಪಕಾರಿಯೇ ಸರಿ. ಅಂಥವರ ಸಂತೆಯಾದ ಬ್ರಿಕ್‌ಲಿಂಕನ್ನು 2019ರಲ್ಲಿ ಲೆಗೊ ಕಂಪನಿಯೇ ಕೊಂಡುಕೊಂಡಿತು. ನ್ಯಾಯವಾದ ಲಾಭವನ್ನು ಗೃಹಸ್ಥಧರ್ಮ ನಿಷೇಧಿಸುವುದಿಲ್ಲ. ಇನ್ನೊಬ್ಬರ ಕೈಗೆ ಸಿಗದಿರಲಿ ಎಂದೇ ಕೊಂಡು, ಆ ಕೊರತೆಯನ್ನೇ ಮಾರುವುದು ಮಾತ್ರ ಬೇರೆ ಮಾತು.

ಸಂಗ್ರಾಹಕರು ಮರುಮಾರಾಟಗಾರರನ್ನು ದೂರುತ್ತಾರೆ. ಆ ದೂರು ಅರ್ಧ ನಿಜವೆಂದು ನನಗನಿಸುತ್ತದೆ. ದೂರುವವರಲ್ಲಿ ಕೆಲವರ ಮನೆಯಲ್ಲೂ ಸೀಲು ಒಡೆಯದ ಪೆಟ್ಟಿಗೆಗಳ ಸಾಲಿದೆ. ಆಡಲಿಲ್ಲ, ಕಟ್ಟಲಿಲ್ಲ, ಯಾರಿಗೂ ಕೊಡಲಿಲ್ಲ. ಮೂಲೆ ಜಜ್ಜಿದರೆ ಬೆಲೆ ತಗ್ಗೀತೆಂಬ ಭಯವೊಂದೇ ಅವರ ಪಾಲಿಗೆ ಉಳಿದದ್ದು. ಪರಿಗ್ರಹವೆಂಬುದು ವಸ್ತುವಿನಲ್ಲಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಆ ದೃಷ್ಟಿಯಿಂದ ಮಾರುವವನ ಗೋದಾಮಿಗೂ ಕೂಡಿಡುವವನ ಕಪಾಟಿಗೂ ಹೆಚ್ಚಿನ ಭೇದವಿಲ್ಲ. ಹತ್ತು ಸೆಟ್ಟುಗಳನ್ನು ಬಿಚ್ಚಿ ಮಕ್ಕಳೊಡನೆ ಕಟ್ಟುವವನಿಗಿಂತ, ಒಂದನ್ನೇ ಬೀಗ ಹಾಕಿಟ್ಟು ದಿನವೂ ಅದರ ಬೆಲೆಯನ್ನು ನೋಡುವವನ ಮೂರ್ಛೆ ದೊಡ್ಡದು.

ಹೀಗೆ ಕಾದವರ ಎಣಿಕೆ ತಪ್ಪಿದ್ದೂ ಉಂಟು. ಮಿಲೇನಿಯಂ ಫಾಲ್ಕನ್ ಎಂಬ ಆಕಾಶನೌಕೆಯ ದೊಡ್ಡ ಸೆಟ್ಟು 2007ರಲ್ಲಿ ಸುಮಾರು 500 ಡಾಲರಿಗೆ ಬಂದಿತ್ತು. ತಯಾರಿಕೆ ನಿಂತ ಮೇಲೆ ತೆರೆಯದ ಪೆಟ್ಟಿಗೆ ಹಲವು ಪಟ್ಟು ಬೆಲೆಗೆ ಮಾರಾಟವಾಯಿತು. 2017ರಲ್ಲಿ ಕಂಪನಿಯು ಅದೇ ನೌಕೆಯನ್ನು 7,541 ಬಿಡಿಭಾಗಗಳೊಡನೆ ಮತ್ತೆ ತಂದಾಗ ಹಳೆಯದರ ಬೆಲೆ ಕುಸಿಯಿತು. ಏರಿಕೆಗೆ ಕಾದು ಕುಳಿತವರ ಅಂದಿನ ಮರುಕವನ್ನು ವಿಸ್ಮಯದ ಇನ್ನೊಂದು ಮುಖವೆನ್ನಬೇಕೇನೋ.

1958ರಲ್ಲಿ ಪೇಟೆಂಟಿಗೆ ಸಲ್ಲಿಕೆಯಾದ ವಿನ್ಯಾಸದ ಇಟ್ಟಿಗೆ ಇಂದಿನ ಇಟ್ಟಿಗೆಗೂ ಹೊಂದಿಕೊಳ್ಳುತ್ತದೆ. ಅಜ್ಜ ಆಡಿ ಬಿಟ್ಟ ಬುಟ್ಟಿಯಿಂದ ಮೊಮ್ಮಗಳು ಇಂದೂ ಮನೆ ಕಟ್ಟಬಹುದು. ಅಂಥ ಬುಟ್ಟಿಯನ್ನು ಮರುಮಾರಾಟಗಾರನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾನೆ.