ವಿದ್ಯಾರ್ಥಿವೇತನವೋ, ಸಾಲವೋ?

ನಂಜನಗೂಡು ಬಳಿಯ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಜೈನ ಕುಟುಂಬವೊಂದರ ಸಂಬಳ ತಿಂಗಳಿಗೆ 21,000 ರೂ. ಎಂದಿಟ್ಟುಕೊಳ್ಳಿ. ವರ್ಷಕ್ಕೆ 2.52 ಲಕ್ಷ. ಮಗಳಿಗೆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ.

2014ರ ಜನವರಿ 27ರಂದು ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಮಾನ್ಯತೆ ದೊರೆತ ಮೇಲೆ ಕೇಂದ್ರದ ಮೆರಿಟ್-ಕಮ್-ಮೀನ್ಸ್ ವಿದ್ಯಾರ್ಥಿವೇತನ ಸಮಾಜದ ಮಕ್ಕಳಿಗೂ ತೆರೆಯಿತು. ಆದರೆ ಆದಾಯ ಮಿತಿ 2.5 ಲಕ್ಷ, ಎರಡು ಸಾವಿರದ ಅಂತರದಲ್ಲಿ ಈ ಮನೆ ಹೊರಗೆ. ಒಳಗಿದ್ದರೂ, ಪಟ್ಟಿಯಲ್ಲಿದ್ದ ಕೆಲವು ಸಂಸ್ಥೆಗಳ ಹೊರತು, ಶುಲ್ಕಕ್ಕೆ ಸಿಗುತ್ತಿದ್ದುದು ವರ್ಷಕ್ಕೆ ಗರಿಷ್ಠ 20,000. ಯೋಜನೆಗಿದ್ದ ಅನುಮೋದನೆಯೂ 2021-22ರವರೆಗಷ್ಟೇ. ಅದನ್ನು ನೆಚ್ಚಿ ಸೀಟು ಹಿಡಿಯುವಂತಿಲ್ಲ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿಯನ್ನು ಹಲವರು ವಿದ್ಯಾರ್ಥಿವೇತನ ಎಂದುಕೊಂಡಿದ್ದಾರೆ. ಅದು ಸಾಲ. ಜಾಮೀನು ಬೇಡ, 8 ಲಕ್ಷದವರೆಗಿನ ಆದಾಯಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ, 4.5 ಲಕ್ಷದೊಳಗಿದ್ದರೆ ವೃತ್ತಿಪರ ಕೋರ್ಸಿಗೆ ಓದುವ ಅವಧಿಯ ಬಡ್ಡಿ ಪೂರ್ತಿ ಸರ್ಕಾರದ್ದು. ಅಸಲು ಮಾತ್ರ ಮನೆಯವರದೇ. ಸಂಸ್ಥೆಯೂ ಯೋಜನೆಯ ಪಟ್ಟಿಯಲ್ಲಿರಬೇಕು.

ಇನ್ನು ವಿಶ್ವವಿದ್ಯಾಲಯವೇ ಕೊಡುವ 'ಸ್ಕಾಲರ್‌ಶಿಪ್'. ಬಹುಪಾಲು ಇದು ಹಣವಲ್ಲ, ಶುಲ್ಕದಲ್ಲಿ ಕಡಿತ. ನಾಲ್ಕೂ ವರ್ಷ ಇರುತ್ತದೆಯೇ, ಅಂಕ ಇಳಿದರೆ ನಿಲ್ಲುತ್ತದೆಯೇ, ಹಾಸ್ಟೆಲ್ ಶುಲ್ಕಕ್ಕೂ ಅನ್ವಯವೇ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಬೇಕು.